ಅಮರೇಶಪ್ಪನವರ ಕೆಂಪು ಸುತ್ತು

ಗೋಡೆಯೋ, ಕಲ್ಲೋ, ಮೋರಿಯ ಕಟ್ಟೆಯೋ, ಏನೇ ಇರಲಿ, ಅಮರೇಶಪ್ಪನವರು ಕೆಂಪು ಬಣ್ಣದ ಡಬ್ಬಿಯಲ್ಲಿ ಬ್ರಶ್ಶು ಅದ್ದಿ, ಡಬ್ಬಿಯ ಅಂಚಿಗೆ ಎರಡು ಸಲ ಒರೆಸಿ, ಒಂದೇ ಸುತ್ತಿಗೆ ವೃತ್ತ ಬರೆದುಬಿಡುತ್ತಿದ್ದರು. ಬಳೆ ಇಟ್ಟು ಎಳೆದ ಹಾಗೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕಣ್ಣಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ನಡುವೆ ಒಂದು ಚುಕ್ಕೆ. ಅಷ್ಟೆ, ಹೊರಟರು. ತಾವು ಬರೆದದ್ದನ್ನು ನಿಂತು ನೋಡುವ ಅಭ್ಯಾಸವೂ ಅವರಿಗೆ ಇರಲಿಲ್ಲ. ನೋಡುತ್ತಾ ಹಿಂದೆ ಉಳಿಯುತ್ತಿದ್ದವನು ನಾನು. ಹೊಟ್ಟೆ ಉರಿಯುತ್ತಿತ್ತು.

ಮೊದಲೇ ಹೇಳಿಬಿಡುವುದು ಒಳ್ಳೆಯದು: ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇತ್ತು. ಗೌರವ ಇರಲಿಲ್ಲವೇ? ಇತ್ತು. ಪ್ರೀತಿಯೂ ಇತ್ತು ಅನ್ನಿ. ಆದರೆ ಬೆಳಿಗ್ಗೆ ಎದ್ದು ಕಚೇರಿಗೆ ಹೊರಟಾಗ ಎದೆಯೊಳಗೆ ಮೊದಲು ಕಾಲೂರುತ್ತಿದ್ದುದು ಹೊಟ್ಟೆಕಿಚ್ಚೇ.

ಹೈದರಾಬಾದಿನಲ್ಲಿ ರಸ್ತೆ ಅಗಲ ಮಾಡುವ ಕಚೇರಿ ನಮ್ಮದು. ಅವರು ಹಿರಿಯ ಸರ್ವೇಯರ್, ನಾನು ಅವರ ಕೈಕೆಳಗೆ. ಅವರದು ಲಿಂಗಸುಗೂರಿನ ಕಡೆ. ನಮ್ಮ ಹಿರಿಯರೂ ಆ ಸೀಮೆಯವರೇ. ಆದರೆ ನಾನು ಹುಟ್ಟಿ ಬೆಳೆದದ್ದು ಸನತ್‌ನಗರದ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಕಚೇರಿಯಲ್ಲಿ ಹಿಂದಿ ಉರ್ದು ಎಲ್ಲ ಕಲಸುಮೇಲೋಗರ. ಇಡೀ ಕಚೇರಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ ಇದ್ದೆವು. ಎಲ್ಲರಿಗೂ ಅವರು ‘ಅಮ್ರೇಶ್ ಸಾಬ್’. ನನಗೆ ಮಾತ್ರ ‘ಕಾಕಾ’. ಅವರು ನನ್ನನ್ನು ಒಮ್ಮೊಮ್ಮೆ ಅಶೋಕ ಅನ್ನುತ್ತಿದ್ದರು, ಹೆಚ್ಚಾಗಿ ‘ತಮ್ಮಾ’.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ನನಗೆ ಒಂದು ಬ್ರಶ್ಶು ಕೊಟ್ಟು, “ಒಬ್ಬೊಬ್ಬ ಸರ್ವೇಯರಗ ಒಂದೊಂದು ಗುರುತು ಇರಬೇಕು. ನಿಂದು ಯಾವುದು ನೋಡ್ಕೋ” ಅಂದರು. ನಾನು ಅವರ ಎದುರೇ ಕಾಂಪೌಂಡು ಗೋಡೆಯ ಮೇಲೆ ಒಂದು ಸುತ್ತು ಎಳೆದೆ. ಬದನೆಕಾಯಿಯಂತೆ ಬಂತು. ಇನ್ನೊಂದು ಎಳೆದೆ, ಅದಕ್ಕೆ ಬಾಲವೂ ಬಂತು. ಅಮರೇಶಪ್ಪನವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಬಾ ಇಲ್ಲಿ. ಕೈ ಹೆಂಗ ತಿರುಗಸೋದು ಅಂತ ತೋರಸ್ತೀನಿ,” ಅಂದರು.

“ಬ್ಯಾಡ್ರಿ ಕಾಕಾ. ನಾ ತ್ರಿಕೋನ ಹಾಕ್ತೀನಿ,” ಅಂದೆ. ತ್ರಿಕೋನಕ್ಕೆ ಮೂರು ಗೆರೆ ಸಾಕು, ಯಾವ ಶಾಣ್ಯಾತನವೂ ಬೇಡ.

“ಹಾಕು, ಅದೂ ಚಲೋನ. ಆದ್ರ ಒಂದು ತಲ್ಯಾಗ ಇಟ್ಕೋ. ಹಳೇ ಹದ್ದುಗಲ್ಲು ಕಣ್ಣಿಗೆ ಬಿದ್ರ ಗುರುತು ಹಾಕದ ಮುಂದ ಹೋಗಬ್ಯಾಡ. ಹಾಕಿದ ಮ್ಯಾಲ ಅದಕ್ಕ ನೀನ ಜವಾಬ್ದಾರ.”

ಹದ್ದುಗಲ್ಲೆಂದರೆ ರಸ್ತೆಯ ಅಂಚು ಎಲ್ಲಿಯವರೆಗೆ ಎಂದು ಹಿಂದಿನವರು ನೆಟ್ಟ ಕಲ್ಲು. ತಲೆಯ ಮೇಲೆ ಉಳಿಯಿಂದ ಅಡ್ಡ-ಉದ್ದ ಕೊರೆದ ಕೂಡು ಗುರುತು ಇರುತ್ತದೆ. ಊರು ಬೆಳೆದಂತೆ ಅರ್ಧ ಕಲ್ಲುಗಳು ಮಣ್ಣಿನೊಳಗೆ ಹೋದವು, ಉಳಿದರ್ಧ ಜನರ ಮನೆಯೊಳಗೆ. ಅವನ್ನು ಹುಡುಕಿ ತೆಗೆಯುವುದರಲ್ಲಿ ಅಮರೇಶಪ್ಪನವರ ಸಮ ಯಾರೂ ಇರಲಿಲ್ಲ. ಒಮ್ಮೆ ಬೇಗಂ ಬಜಾರಿನಲ್ಲಿ ಒಬ್ಬ ಒಣಮೆಣಸಿನಕಾಯಿ ವ್ಯಾಪಾರಿಯ ಗಾದಿ ಎತ್ತಿಸಿ, ಅದರ ಕೆಳಗಿನ ಕಲ್ಲು ತೋರಿಸಿದ್ದರು. ಸೇಠನಿಗೇ ಗೊತ್ತಿರಲಿಲ್ಲ ಪಾಪ, ಮೂರು ತಲೆಮಾರು ಅದರ ಮೇಲೆ ಕೂತು ವ್ಯಾಪಾರ ಮಾಡಿದ್ದರು.

ಅಮರೇಶಪ್ಪನವರು ಆಳು ಎತ್ತರ, ಕೃಶ, ಕಾಲುಗಳೇ ಮುಕ್ಕಾಲು ದೇಹ. ಸದಾ ಬಿಳಿ ಕ್ಯಾನ್ವಾಸ್ ಬೂಟು. ಮಗಳ ಮದುವೆಯಲ್ಲಿ ರೇಷ್ಮೆ ಅಂಚಿನ ಧೋತರದ ಕೆಳಗೂ ಅದೇ ಬೂಟು ಹಾಕಿಕೊಂಡು ಬೀಗರನ್ನು ಎದುರುಗೊಂಡರು. ಕೇಳಿದರೆ, “ಬ್ಯಾರೆ ಹಾಕ್ಕೊಂಡ್ರ ಹೆಜ್ಜಿ ಕೆಡತೈತಿ,” ಎಂಬ ಉತ್ತರ. ಅವರ ಒಂದು ಹೆಜ್ಜೆ ಎಂದರೆ ಎರಡೂವರೆ ಅಡಿ. ಕಾಲು ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಚೈನು, ಟೇಪು ಎಲ್ಲ ಹಿಡಿದು ನಾವು ಅಳೆದು ಮುಗಿಸಿದ ಮೇಲೆ ಅವರು ಒಮ್ಮೆ ನಡೆದುಬಿಡುತ್ತಿದ್ದರು. ನಮ್ಮ ಅಳತೆಗೆ ಅದೇ ಪರೀಕ್ಷೆ.

ಇನ್ನೊಂದು ಪದ್ಧತಿ ಇತ್ತು. ಯಾರ ಮನೆಯ ಗೋಡೆ ಕತ್ತರಿಸಬೇಕೋ ಆ ಮನೆಗೆ ಹೋಗಿ, ಬೂಟು ಬಿಟ್ಟು, ಒಳಗೆ ಕೂತು, ಒಂದು ಲೋಟ ನೀರು ಕೇಳಿ ಕುಡಿದ ಮೇಲೆಯೇ ಗೋಡೆಗೆ ಬಣ್ಣ. “ನೀರು ಕುಡದ ಮನಿಗೆ ಸುಳ್ಳು ಅಳತಿ ಹಾಕಾಕ ಮನಸ್ಸು ಬರೂದಿಲ್ಲ ತಮ್ಮಾ,” ಅನ್ನುತ್ತಿದ್ದರು. ಮನೆ ಒಡೆಯಲು ಬಂದವರಿಗೆ ಜನ ನೀರು ಕೊಡುತ್ತಾರೆಯೇ? ಕೊಡುತ್ತಿದ್ದರು! ಚಹಾ ಮಾಡಿ ಕೊಡುತ್ತಿದ್ದರು. ತನ್ನ ಪಡಸಾಲೆ ಕಳೆದುಕೊಂಡ ಒಬ್ಬ ಮುದುಕಿ ಅವರ ಮಗಳ ಮದುವೆಗೆ ಬಂದು ಅಕ್ಕಿಕಾಳು ಹಾಕಿ ಹೋಗಿದ್ದಳು. ಅದೇ ಪದ್ಧತಿಯನ್ನು ನಾನೂ ಒಮ್ಮೆ ಮಾಡಿ ನೋಡಿದೆ. ನೀರು ಕೇಳಿದ್ದಕ್ಕೆ ಮನೆಯವನು ನಾಯಿ ಬಿಟ್ಟ. ಹಾಳಾದ್ದು, ನಾಯಿಗೂ ಗೊತ್ತಾಗುತ್ತಿತ್ತು ಯಾರು ಅಮರೇಶಪ್ಪ, ಯಾರು ಅಲ್ಲ ಎಂದು.

ಕಚೇರಿಯಲ್ಲಿ ಮಾತ್ರ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಮನೆಗೆ ಬಂದರೆ ಅಪ್ಪ, “ಅಮರೇಶಪ್ಪನ್ನ ನೋಡಿ ಕಲಿಯೋ, ಗರ ಬಡದಾಂವ್ನ” ಅನ್ನುತ್ತಿದ್ದರು. ಅಪ್ಪನ ಬಾಯಲ್ಲಿ ಕೇಳಿ ಕೇಳಿ ನನ್ನ ಹೆಂಡತಿ ಶಾಂತಾಳಿಗೂ ಅದೇ ಚಟ ಹತ್ತಿತು. ನಾವು ಊರ ಹೊರಗೆ ನಲವತ್ತು ಅಡಿ ಅಗಲದ ಒಂದು ಸೈಟು ನೋಡಿದ್ದೆವು. ನಾನೇ ಟೇಪು ಹಿಡಿದು ಅಳೆದು, ನಲವತ್ತು ಸರಿಯಾಗಿದೆ ಅಂದೆ. ಸರ್ವೇಯರನ ಮಾತಿಗೆ ಅವನ ಹೆಂಡತಿ ಏನನ್ನಬೇಕು?

“ಒಮ್ಮೆ ಕಾಕಾರನ್ನ ಕರಕೊಂಡು ಬರ್ರಿ,” ಅಂದಳು.

“ಯಾಕ? ನಾ ಸರ್ವೇಯರ್ ಅಲ್ಲೇನು?”

“ಅದೀರಿ, ಯಾರು ಇಲ್ಲಂದ್ರು? ಆದ್ರೂ ಕಾಕಾ ಒಮ್ಮೆ ನಡದ್ರ ನನಗ ಸಮಾಧಾನ.”

ಅವರು ಬಂದರು. ಈ ಕಲ್ಲಿನಿಂದ ಆ ಕಲ್ಲಿಗೆ ನಡೆದರು. ಹದಿನಾರನೆಯ ಹೆಜ್ಜೆ ಊರುವ ಮೊದಲೇ ಬೂಟಿನ ಮೂಗು ಕಲ್ಲಿಗೆ ಬಡಿಯಿತು. ಅವರು ನಿಂತು, ನನ್ನ ಮುಖ ನೋಡಿ, “ಒಂದು ಗೇಣು ಕಡಿಮಿ ಐತಿ ತಮ್ಮಾ. ನಿನ್ನ ಟೇಪು ತೋರಸು,” ಅಂದರು. ಟೇಪಿನ ತುದಿಯ ಒಂದು ಗೇಣು ಎಂದೋ ಹರಿದು ಹೋಗಿತ್ತು. ಯಾರೋ ಪುಣ್ಯಾತ್ಮರು ಉಳಿದ ತುದಿಗೆ ಹಳೆಯ ಉಂಗುರವನ್ನೇ ಹೊಲಿದಿಟ್ಟಿದ್ದರು, ನಾನು ನೋಡಿರಲಿಲ್ಲ. ಶಾಂತಾ ಅವತ್ತು ಅವರಿಗೆ ಎರಡನೆಯ ಸಲ ಹೋಳಿಗೆ ಬಡಿಸಿದಳು, ನನಗೆ ಒಂದೇ ಸಲ.

ಅದೇ ಕಾಲಕ್ಕೆ ಊರಿನ ಪಶ್ಚಿಮಕ್ಕೆ, ಬರೀ ಬಂಡೆಗಳಿದ್ದ ಜಾಗದಲ್ಲಿ, ಗಾಜಿನ ಕಟ್ಟಡಗಳು ಏಳತೊಡಗಿದವು. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಹುಡುಗ ಹುಡುಗಿಯರು ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ಬಸ್ಸಿಗೆ ಕಾಯುವುದು ಕಾಣತೊಡಗಿತು. ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು. ಅವರ ಬಸ್ಸುಗಳಿಗೆ ದಾರಿ ಸಾಲದು ಎಂದು ನಮಗೆ ದಿನಕ್ಕೊಂದು ರಸ್ತೆಯ ಕೆಲಸ. ಕಚೇರಿಗೆ ಟೋಟಲ್ ಸ್ಟೇಷನ್ ಎಂಬ ಹೊಸ ಮಷೀನು ಬಂತು. ಮೂರು ಕಾಲಿನ ಮೇಲೆ ನಿಲ್ಲಿಸಿ ಗುಂಡಿ ಒತ್ತಿದರೆ ದೂರ, ಎತ್ತರ, ಕೋನ ಎಲ್ಲವನ್ನೂ ಅದೇ ಹೇಳುತ್ತದೆ. ಅದನ್ನು ಕಲಿಯಲು ಆರಿಸಿದ್ದು ನನ್ನನ್ನು. ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಇನ್ನು ಹೆಜ್ಜೆಗೆ ಯಾರು ಬೆಲೆ ಕೊಡುತ್ತಾರೆ?

ಮೊದಲ ದಿನ ಬೇಕೆಂದೇ ಅವರ ಮುಂದೆ ಮಷೀನು ನಿಲ್ಲಿಸಿದೆ. ಅವರು ಬಗ್ಗಿ ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

“ಭಾಳ ಚಲೋ ಐತಿ,” ಅಂದರು. “ಆದ್ರ ತಮ್ಮಾ, ಇದು ಕೇಳಿದ್ದಕ್ಕಷ್ಟ ಜವಾಬು ಕೊಡತೈತಿ. ಕೇಳೋದು ನಿನ್ನ ಕೆಲಸ.”

ನೋಡಿ, ಹೊಗಳುವಾಗಲೂ ಕೊನೆಯ ಮಾತು ಅವರದೇ ಆಗಬೇಕು.

ಆಮೇಲೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಇಡೀ ಕಚೇರಿ ಅತ್ತಿತು. ನಾನೂ ಕಣ್ಣೊರೆಸಿಕೊಂಡೆ, ಆದರೆ ಒರೆಸಿಕೊಳ್ಳುತ್ತಲೇ ಕಿಟಕಿಯ ಪಕ್ಕದ ಅವರ ಕುರ್ಚಿಯನ್ನು ಕಣ್ಣಲ್ಲೇ ಅಳೆದಿದ್ದೆ. ಮರುದಿನವೇ ಅಲ್ಲಿ ಕೂತೆ.

ಕೂತು ತಿಂಗಳು ಕಳೆದಿರಲಿಲ್ಲ, ಏಳು ಕಮಾನಿನ ಮುಸಾಫಿರ್‌ಖಾನೆಯ ಕೆಲಸ ಬಂತು.

ಸನತ್‌ನಗರದಿಂದ ಆಚೆಗೆ ಹಳೆಯ ಬೊಂಬಾಯಿ ರಸ್ತೆಯ ದಕ್ಷಿಣ ಬದಿಗೆ ಇದ್ದ ಕಟ್ಟಡ ಅದು. ನಿಜಾಮರ ಕಾಲದ್ದು. ನಮ್ಮ ಸೀಮೆಯಿಂದ ಪಟ್ಟಣಕ್ಕೆ ಬರುವ ದಾರಿಹೋಕರು ಇಳಿದುಕೊಳ್ಳಲಿ ಎಂದು ಕಟ್ಟಿಸಿದ್ದು. ಎದುರಿಗೆ ಸಾಲಾಗಿ ಏಳು ಕಮಾನು, ಒಳಗೆ ಸುತ್ತಲೂ ಕೋಣೆ, ನಡುವೆ ಬಾವಿ. ಲಿಂಗಸುಗೂರಿನಿಂದ ಕೆಲಸ ಹುಡುಕಿಕೊಂಡು ಬಂದ ಅಮರೇಶಪ್ಪನವರು ಊರಲ್ಲಿ ಯಾರ ಪರಿಚಯವೂ ಇಲ್ಲದೆ ಒಂದು ತಿಂಗಳು ಇದ್ದದ್ದು ಅಲ್ಲಿಯೇ. ಆ ರಸ್ತೆಯಲ್ಲಿ ಜೀಪು ಹೋದಾಗಲೆಲ್ಲ ಕೈ ಚಾಚಿ, “ನಾಕನೇ ಕಮಾನು ನಂದು. ಅದರ ಬುಡಕ ಮೂರು ಕಲ್ಲಿಟ್ಟು ರೊಟ್ಟಿ ಸುಟ್ಟೀನಿ. ಮಸಿ ಇನ್ನೂ ಐತಿ ನೋಡು,” ಅನ್ನುತ್ತಿದ್ದರು. ನೂರು ಸಲ ಕೇಳಿದ್ದೆ.

ಈಗ ಆ ರಸ್ತೆಯನ್ನು ಗಾಜಿನ ಕಟ್ಟಡಗಳ ಕಡೆಗೆ ಅಗಲ ಮಾಡಬೇಕು. ನಿಯಮ ಸರಳ: ರಸ್ತೆಯ ನಡುಗೆರೆ ಹಿಡಿದು ಎರಡೂ ಬದಿಗೆ ಸಮ ಸಮ ಅಳೆಯುವುದು, ಅಡ್ಡ ಬಂದದ್ದನ್ನು ತೆಗೆಯುವುದು. ಹಾಗಾದರೆ ಎಲ್ಲ ನಿಂತದ್ದು ನಡುಗೆರೆಯ ಮೇಲೆ. ಉತ್ತರ ಬದಿಯ ಅಂಗಡಿಗಳು ವರ್ಷ ವರ್ಷ ಒಂದೊಂದು ಮೊಳ ಮುಂದೆ ಬಂದು ರಸ್ತೆಯನ್ನು ನುಂಗಿದ್ದವು. ಡಾಂಬರು ಪೂರ್ತಿ ದಕ್ಷಿಣಕ್ಕೆ, ಮುಸಾಫಿರ್‌ಖಾನೆಯ ಮೈಮೇಲೆ ಬಂದಿತ್ತು. ಡಾಂಬರಿನ ನಡುವನ್ನೇ ನಡು ಎಂದು ಹಿಡಿದರೆ ಏಳು ಕಮಾನೂ ಹೋಗುತ್ತವೆ. ಹಳೆಯ ಹದ್ದುಗಲ್ಲಿನಿಂದ ಅಳೆದರೆ ನಡು ಉತ್ತರಕ್ಕೆ ಸರಿಯುತ್ತದೆ, ಕಟ್ಟಡಕ್ಕೆ ಒಂದು ಗೆರೆಯೂ ಬೀಳುವುದಿಲ್ಲ.

ಕುರ್ಚಿ ಬಿಡುವ ದಿನ ಅವರು ನನಗೆ ಹೇಳಿದ್ದು ಇದನ್ನೇ. “ಆ ರಸ್ತೆ ಕೆಲಸ ಬಂದ್ರ ಡಾಂಬರು ನಂಬಬ್ಯಾಡ. ಉತ್ತರಕ್ಕ ಅಂಗಡಿ ಒಳಗ ಕಲ್ಲು ಐತಿ. ಹುಡುಕು.”

ಹುಡುಕಬೇಕಾಗಲಿಲ್ಲ. ಸರ್ವೇಯ ಮೂರನೆಯ ದಿನ ಯಾದಯ್ಯನ ಚಹಾ ಅಂಗಡಿಯೊಳಗೆ ಕೂತಿದ್ದೆ. ತಗಡಿನ ಶೆಡ್ಡು, ಒಳಗೆ ಬೆಂಚಿನ ಪಕ್ಕ ಗಿರಾಕಿಗಳು ಗ್ಲಾಸು ಇಡಲು ಒಂದು ಗಿಡ್ಡ ಕಲ್ಲು. ಅದರ ಮೇಲೆ ಗ್ಲಾಸು ಇಡಲು ಬಗ್ಗಿದವನ ಕೈಗೆ ಏನೋ ಕೊರೆದದ್ದು ತಗಲಿತು. ಸುಣ್ಣ ಕೆರೆದು ನೋಡಿದೆ. ಕೂಡು ಗುರುತು. ನಾನು ಕೂತದ್ದು ಹದ್ದುಗಲ್ಲಿನ ಪಕ್ಕದಲ್ಲೇ!

ಮೊದಲ ಕ್ಷಣಕ್ಕೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡನೆಯ ಕ್ಷಣಕ್ಕೆ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಈ ಕಲ್ಲನ್ನು ನಕಾಶೆಯಲ್ಲಿ ತೋರಿಸಿದರೆ ಏನಾಗುತ್ತದೆ? ‘ಅಮ್ರೇಶ್ ಸಾಬ್ ಹೇಳಿದ್ದರಲ್ಲ, ಅದೇ ಆಯಿತು’ ಅನ್ನುತ್ತಾರೆ. ನನ್ನ ಹೆಸರಿನ ಮೊದಲ ದೊಡ್ಡ ಕೆಲಸ, ಅದೂ ಅವರ ಕೆಲಸವೇ ಆಗಿಹೋಗುತ್ತದೆ. ಅವರ ಕುರ್ಚಿಯಲ್ಲಿ ಕೂತದ್ದಷ್ಟೇ ಬಂತು. ಇಲ್ಲ, ಈ ಸಲ ಇಲ್ಲ. ಮಷೀನು ನನ್ನದು, ನಾನು ಏನು ಕೇಳುತ್ತೇನೋ ಅದಕ್ಕಷ್ಟೇ ಅದು ಉತ್ತರ ಹೇಳಲಿ. ಡಾಂಬರಿನ ನಡು ಹಿಡಿದು ಅಳೆದೆ. ನಕಾಶೆಯಲ್ಲಿ ಕಲ್ಲು ಇಲ್ಲ. ಮುಸಾಫಿರ್‌ಖಾನೆಯ ಏಳು ಕಮಾನಿನ ಮೇಲೂ ಕೆಡವಬೇಕಾದ ಅಳತೆಯನ್ನು ಕೆಂಪು ಬಣ್ಣದಲ್ಲಿ ಬರೆದೆ. ನಾಲ್ಕನೆಯದರ ಮೇಲೆ ಬರೆಯುವಾಗ ಕೆಳಗೆ ಮಸಿ ಕಾಣಿಸಿತು, ನಿಜವಾಗಿಯೂ ಇತ್ತು. ಬರೆದೆ.

ಒಡೆಯುವುದೋ ಬಿಡುವುದೋ ಎಂದು ತೀರ್ಮಾನ ಮಾಡಲು ದೊಡ್ಡ ಸಾಹೇಬರು ಸಭೆ ಕರೆದರು. ತಾರ್ನಾಕದ ಕಡೆಯಿಂದ ಇತಿಹಾಸ ಕಲಿಸುವ ಒಬ್ಬ ಮೇಡಂ ಬಂದು, ಇಂಥದ್ದನ್ನು ಮತ್ತೆ ಕಟ್ಟಲಾದೀತೇ ಎಂದು ಗೋಗರೆದರು. ಕಂಪನಿಗಳ ಕಡೆಯಿಂದ ಬಂದವರು, ದಿನಾ ಸಾವಿರಾರು ಜನ ಬಸ್ಸಿನಲ್ಲಿ ಸಿಕ್ಕಿಬೀಳುತ್ತಾರೆ ಎಂದರು. ಸಾಹೇಬರು ಕೆಟ್ಟವರಲ್ಲ. “ನನಗೂ ಕಮಾನು ಇಷ್ಟವೇ ಮೇಡಂ. ಆದರೆ ನಕಾಶೆ ಹೀಗಿದೆ, ನಾನೇನು ಮಾಡಲಿ? ಇವತ್ತು ಸಹಿ ಮಾಡಲೇಬೇಕು,” ಅಂದರು ತೆಲುಗಿನಲ್ಲಿ. ಪೆನ್ನನ್ನೂ ತೆರೆದರು. ನನ್ನ ನಕಾಶೆ ಮೇಜಿನ ತುಂಬ ಹರಡಿತ್ತು. ನನ್ನ ಎದೆ ಉಬ್ಬಿತ್ತು.

ಆಗ ಸಾಹೇಬರು ಬಾಗಿಲ ಕಡೆ ನೋಡಿ, “ಅಮ್ರೇಶ್ ಸಾಬ್, ಆಪ್ ಬೋಲೋ. ಮೂವತ್ತು ವರ್ಷ ಆ ರಸ್ತೆಯಲ್ಲಿ ನಡೆದವರು ನೀವು,” ಅಂದರು.

ತಿರುಗಿ ನೋಡಿದೆ. ಹಿಂದಿನ ಸಾಲಿನಲ್ಲಿ ಬಿಳಿ ಕ್ಯಾನ್ವಾಸ್ ಬೂಟು! ನಿವೃತ್ತರಾದ ಮೇಲೂ ಕರೆಸಿದ್ದರು. ಕರೆಸದೆ ಇವರಿಗೆ ಊಟ ಸೇರುವುದಿಲ್ಲವೇ?

ಅಮರೇಶಪ್ಪನವರು ಮೆಲ್ಲಗೆ ಎದ್ದರು. ಅವರು ಉರ್ದುವಿನಲ್ಲಿ ಆಡಿದ್ದನ್ನು ಇಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. “ಸಾಬ್, ನಾನು ಹೇಳಿದರೆ ಮುದುಕನಿಗೆ ಹಳೆಯ ಗೋಡೆಯ ಮೇಲೆ ಮೋಹ ಎಂದಾರು. ಉತ್ತರಕ್ಕೆ ಒಂದು ಹದ್ದುಗಲ್ಲಿದೆ. ನಮ್ಮ ಅಶೋಕನಿಗೆ ಅದು ಸಿಕ್ಕಿದೆ. ಅವನನ್ನೇ ಕೇಳಿ.”

ಇಪ್ಪತ್ತು ಮುಖಗಳು ನನ್ನ ಕಡೆ ತಿರುಗಿದವು. ಎಷ್ಟು ವರ್ಷ ಕಾದಿದ್ದೆ ನಾನು, ಈ ಮನುಷ್ಯ ನಾಲ್ಕು ಜನರ ಎದುರು ಒಮ್ಮೆಯಾದರೂ ತಪ್ಪಲಿ ಎಂದು! ‘ಇಲ್ಲ ಸರ್, ನನಗೆ ಯಾವ ಕಲ್ಲೂ ಸಿಕ್ಕಿಲ್ಲ’ ಅಂದರೆ ಸಾಕು. ಅಮ್ರೇಶ್ ಸಾಬ್‌ಗೆ ಅರಳುಮರಳು ಎಂದು ಸಂಜೆಯೊಳಗೆ ಕಚೇರಿಯೆಲ್ಲ ಆಡಿಕೊಳ್ಳುತ್ತಿತ್ತು. ಸಾಹೇಬರು ಸಹಿ ಹಾಕುತ್ತಿದ್ದರು. ಒಂದು ಮಾತು, ಅಷ್ಟೇ.

ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕಡೆ ನೋಡಿ, ಆ ಕೋಣೆಯಲ್ಲಿ ಬೇರೆ ಯಾರಿಗೂ ತಿಳಿಯದ ಕನ್ನಡದಲ್ಲಿ, ದಿನಾ ಮಾತಾಡುವ ದನಿಯಲ್ಲೇ ಅಂದರು:

“ಕಲ್ಲಿನ ಮ್ಯಾಲ ನಿನ್ನ ಗುರುತು ನೋಡೀನಿ ತಮ್ಮಾ. ಹೇಳು.”

ಗುರುತು! ಯಾವ ಗುರುತು ಅಂದುಕೊಳ್ಳುವಷ್ಟರಲ್ಲಿ ನೆನಪಾಯಿತು. ಅಯ್ಯೋ ನನ್ನ ಕರ್ಮವೇ! ಕಲ್ಲನ್ನು ನಕಾಶೆಯಿಂದ ಬಿಡಬೇಕೆಂದು ನಾನು ಯೋಚಿಸುತ್ತ ಕೂತಿದ್ದಾಗ ನನ್ನ ಕೈ ತನ್ನ ಪಾಡಿಗೆ ಬ್ರಶ್ಶು ಅದ್ದಿತ್ತು. ಅಂಚಿಗೆ ಎರಡು ಸಲ ಒರೆಸಿತ್ತು. ಮೂರು ಗೆರೆ ಎಳೆದಿತ್ತು. ಬಚ್ಚಿಡಬೇಕಾದ ಕಲ್ಲಿಗೆ ಯಾವ ಮೂರ್ಖ ಬಣ್ಣ ಹಚ್ಚುತ್ತಾನೆ? ಸರ್ವೇಯರ್ ಒಬ್ಬನೇ ಹಚ್ಚುತ್ತಾನೆ. ಹದ್ದುಗಲ್ಲು ಕಂಡರೆ ಕೈ ನಿಲ್ಲುವುದಿಲ್ಲ. ಹಾಗೆ ತಿದ್ದಿದವರು ಅವರೇ.

“ಹೌದು ಸರ್,” ಅಂದೆ. “ಕಲ್ಲಿದೆ. ಚಹಾ ಅಂಗಡಿಯೊಳಗೆ. ನಕಾಶೆಯಲ್ಲಿ... ಅದನ್ನು ಇನ್ನೂ ಸೇರಿಸಿಲ್ಲ.”

ಒಳ್ಳೆಯತನದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು. ಹೆದರಿ ಹೇಳಿದೆ.

ಸಾಹೇಬರು ಪೆನ್ನು ಮುಚ್ಚಿದರು. ಮರುದಿನ ಎಲ್ಲರ ಎದುರು ಕಲ್ಲಿನಿಂದ ಅಳತೆ ನಡೆಯಿತು. ಮಷೀನಿನಿಂದ ನಾನು ಅಳೆದೆ, ಅಮರೇಶಪ್ಪನವರು ಬರೀ ಅಂಗಡಿಯ ಮುಂದೆ ನಿಂತು ನೋಡಿದರು. ನಡೆಯಲಿಲ್ಲ. ನಡೆಯಿರಿ ಎಂದು ಸಾಹೇಬರೇ ಹೇಳಿದಾಗ, “ಬ್ಯಾಡ್ರಿ, ಅಶೋಕ ಅಳದಾನಲ್ಲ” ಎಂದು ಕನ್ನಡದಲ್ಲೇ ಅಂದುಬಿಟ್ಟರು. ಕೆಡವುವ ಮಾತು ಬಿದ್ದುಹೋಯಿತು. ಉತ್ತರದ ಅಂಗಡಿಗಳವರಿಗೆ ಹಿಂದೆ ಸರಿಯಲು ಜಾಗವಿತ್ತು, ನನ್ನ ವಂಶವನ್ನೆಲ್ಲ ಬೈಯುತ್ತ ಸರಿದರು. ಯಾದಯ್ಯ ಶೆಡ್ಡು ಬಿಚ್ಚಿ ಬಂಡಿ ಇಟ್ಟ. ಕಲ್ಲು ಹೊಸ ಫುಟ್‌ಪಾತಿನ ಅಂಚಿಗೆ ಬಯಲಲ್ಲಿ ಉಳಿಯಿತು. ಏಳು ಕಮಾನಿನ ಮೇಲಿನ ಕೆಂಪು ಅಂಕಿಗಳನ್ನು ನಾನೇ ಸೀಮೆಎಣ್ಣೆ ಹಾಕಿ ಉಜ್ಜಿಸಿದೆ.

ಆಮೇಲೆ ನೋಡಬೇಕಿತ್ತು ನನ್ನ ಭಾಗ್ಯ! ಪೇಪರಿನಲ್ಲಿ ಹೆಸರು ಬಂತು. ತಾರ್ನಾಕದ ಮೇಡಂ ಒಂದು ಸಮಾರಂಭ ಮಾಡಿ ಶಾಲು ಹೊದಿಸಿದರು. ಅಪ್ಪ ಆ ಶಾಲನ್ನು ಕ್ವಾರ್ಟರ್ಸಿನ ತುಂಬ ತೋರಿಸಿ ಬಂದರು. ಶಾಂತಾ ಅವತ್ತು ನನಗೂ ಎರಡನೆಯ ಸಲ ಹೋಳಿಗೆ ಬಡಿಸಿದಳು. ಗಂಟಲಲ್ಲಿ ಇಳಿಯಬೇಕಲ್ಲ? ಸಮಾರಂಭದ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವರು ಅವರು. ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಅವರು ಹೇಳಿಬಿಟ್ಟಿದ್ದರೆ ನನಗೆ ಅವಮಾನವಾಗಿ, ಸಿಟ್ಟು ಬಂದು, ಅಲ್ಲಿಗೆ ಮುಗಿಯುತ್ತಿತ್ತು. ಹೇಳದೆ ಇದ್ದದ್ದನ್ನು ಏನು ಮಾಡುವುದು? ನನ್ನ ಬದುಕಿನ ಒಂದೇ ಒಂದು ಹೆಸರಿನ ಕೆಲಸ, ಅದೂ ಅವರು ಕೊಟ್ಟದ್ದು. ಬರೀ ಅಳತೆಯಲ್ಲಿ ದೊಡ್ಡವರಾಗಿದ್ದರೆ ಸಾಲದೇ ಈ ಮನುಷ್ಯನಿಗೆ!

ವರ್ಷಗಳಾದವು. ರಸ್ತೆಯಾಯಿತು, ಬಸ್ಸುಗಳು ಓಡಿದವು. ಅಮರೇಶಪ್ಪನವರು ತಾರ್ನಾಕದಲ್ಲಿ ಮಗಳ ಮನೆಯ ಹತ್ತಿರವೇ ಒಂದು ಮನೆ ಹಿಡಿದಿದ್ದರು. ಮೊಣಕಾಲು ಹಿಡಿದು ಮಲಗಿದ್ದಾರೆ ಎಂದು ತಿಳಿದು ಒಂದು ಭಾನುವಾರ ಹೋದೆ. ಮಂಚದ ಕೆಳಗೆ ಬಿಳಿ ಬೂಟು ಇತ್ತು, ಒರೆಸಿ ಇಟ್ಟದ್ದು. ಅವರ ಹೆಂಡತಿ, ನಮ್ಮ ಕಾಕಿ, ಚುರುಮುರಿ ಒಗ್ಗರಣೆ ತಂದಿಟ್ಟು ಒಳಗೆ ಹೋದರು. ನಾನು ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಕಕ್ಕಿಬಿಟ್ಟೆ.

“ಕಾಕಾ, ಆ ಕಲ್ಲು ನಾ ಬೇಕಂತನ ಬಿಟ್ಟಿದ್ದೆ.”

“ಗೊತ್ತೈತಿ.”

“ನಿಮ್ಮ ಮ್ಯಾಲಿನ ಹೊಟ್ಟಿಕಿಚ್ಚಿಗೆ ಬಿಟ್ಟಿದ್ದೆ.”

“ಅದೂ ಗೊತ್ತೈತಿ, ತಿನ್ನು. ಆರಿದ್ರ ಚಲೋ ಇರೂದಿಲ್ಲ.”

“ಮತ್ಯಾಕ ನನ್ನ ಹೆಸರು ಹೇಳಿದ್ರಿ?”

“ನಾ ಹೇಳಿದ್ರ ಯಾರು ಕೇಳ್ತಿದ್ರೋ? ನೀ ಮಷೀನ್ ಹಿಡದಾಂವ. ನನಗ ಕಮಾನು ಉಳೀಬೇಕಿತ್ತು. ನಾಕನೇದು ನಂದು, ಗೊತ್ತಿಲ್ಲೇನು?” ಎಂದು ನಕ್ಕರು. ಆಮೇಲೆ ಚಾವಣಿ ನೋಡುತ್ತ ಅಂದರು: “ಹೊಟ್ಟಿಕಿಚ್ಚು ನಿನಗ ಒಬ್ಬಾವಗ ಇತ್ತು ಅಂತ ತಿಳದೀಯೇನು? ನೀ ಆ ಮಷೀನ್ ತಂದು ನನ್ನ ಮುಂದ ಇಟ್ಟಿದ್ಯಲ್ಲ, ಅವತ್ತು ಮನಿಗೆ ಬಂದು ರೊಟ್ಟಿ ಮುಟ್ಟಲಿಲ್ಲ ನಾನು. ಮೂವತ್ತು ವರ್ಷ ಬೂಟು ಬದಲಿ ಮಾಡಲಿಲ್ಲೋ ತಮ್ಮಾ, ಹೆಜ್ಜಿ ಕೆಡತೈತಿ ಅಂತ. ಅಷ್ಟನ್ನೂ ಒಂದು ಗುಂಡಿ ಒತ್ತಿ ಹೇಳಿಬಿಟ್ಟಿ. ನಿನ್ನ ಕೈ ಮುರೀಲಿ ಅನಿಸಿತ್ತು, ಖರೇ ಹೇಳ್ತೀನಿ.”

“ಎಂದೂ ತೋರಸಲಿಲ್ಲಲ್ರೀ ಕಾಕಾ.”

“ತೋರಸೋದೇನೈತಿ ಅದರಾಗ?”

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ಯೋಚನೆ. ಇದರಲ್ಲೂ ಅವರೇ ಮುಂದೆ. ಹೊಟ್ಟೆಕಿಚ್ಚು ಪಡುವುದರಲ್ಲೂ ಅವರು ನನಗಿಂತ ಚೆನ್ನಾಗಿ ಪಟ್ಟಿದ್ದರು.

ಅದೇ ಕೊನೆಯ ಭೇಟಿ. ಅದಾಗಿ ಎರಡು ತಿಂಗಳಿಗೆ ಹೋಗಿಬಿಟ್ಟರು. ಮಣ್ಣು ಮಾಡಿ ಬಂದು ವಾರವಾಗಿತ್ತು, ಯಾವುದೋ ಕೆಲಸಕ್ಕೆ ಆ ರಸ್ತೆಯಲ್ಲಿ ಹೋದವನು ಮುಸಾಫಿರ್‌ಖಾನೆಯ ಎದುರು ಇಳಿದೆ. ಯಾದಯ್ಯನ ಬಂಡಿಯಲ್ಲಿ ಚಹಾ ತೆಗೆದುಕೊಂಡೆ. ಅವನ ಸಿಟ್ಟು ಇಳಿದು ವರ್ಷಗಳಾಗಿದ್ದವು, ಹೊಸ ರಸ್ತೆ ಅವನಿಗೆ ಗಿರಾಕಿಗಳನ್ನು ತಂದಿತ್ತು. ಪಕ್ಕದಲ್ಲಿ ಕಲ್ಲು. ಅದರ ಮೇಲೆ ನನ್ನ ತ್ರಿಕೋನ, ನಿನ್ನೆ ಮೊನ್ನೆ ಹಾಕಿದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಬಿಸಿಲು ಮಳೆಗೆ ಮಾಸಿ ಎಂದೋ ಅಳಿದುಹೋಗಬೇಕಿತ್ತು ಅದು.

“ನಮ್ಮ ಕಚೇರಿಯವರು ಬಂದಿದ್ದರಾ ಯಾದಯ್ಯ, ಬಣ್ಣ ಹಚ್ಚಲು?” ಎಂದೆ ತೆಲುಗಿನಲ್ಲಿ.

“ನಿಮ್ಮ ಕಚೇರಿಯವರು ಎಲ್ಲಿ ಬರುತ್ತಾರೆ ಸಾರ್. ಆ ಹಿರಿಯ ಸಾರ್ ಬರುತ್ತಿದ್ದರಲ್ಲ, ಬಿಳಿ ಬೂಟು. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಡಬ್ಬಿ ಹಿಡಿದು ಬರುತ್ತಿದ್ದರು. ಈ ಸಲ ಕೈಯಲ್ಲಿ ಕೋಲು, ಆಟೋದಲ್ಲಿ ಬಂದರು. ನೀವು ಯಾಕೆ ಕಷ್ಟಪಡುತ್ತೀರಿ ಅಂದೆ. ಇದು ನಮ್ಮ ಅಶೋಕನ ಗುರುತು, ಅವನಿಗೆ ಪುರುಸೊತ್ತಿಲ್ಲ ಅಂದರು.”

ಚಹಾ ಹಾಗೆಯೇ ಕೈಯಲ್ಲಿ ಉಳಿಯಿತು. ಅಷ್ಟು ವರ್ಷ. ಸುತ್ತು ಹಾಕಿ ಚುಕ್ಕೆ ಇಡುವ ಕೈ ಬಂದು, ನನ್ನ ಮೂರು ಗೆರೆಗಳ ಮೇಲೆ, ಅವು ಸೊಟ್ಟಗಿದ್ದ ಕಡೆ ಸೊಟ್ಟಗೇ, ಬಣ್ಣ ತುಂಬಿ ಹೋಗಿತ್ತು. ಒಂದು ಗೆರೆಯನ್ನೂ ತಿದ್ದಿರಲಿಲ್ಲ.

ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೆಂಪು ಬಣ್ಣದ ಡಬ್ಬಿ, ಒಂದು ಬ್ರಶ್ಶು ತಂದೆ. ಫುಟ್‌ಪಾತಿನ ಮೇಲೆ ಮಂಡಿಯೂರಿ ಕೂತೆ. ಬಸ್ಸಿಗೆ ನಿಂತ ಹುಡುಗ ಹುಡುಗಿಯರು ನೋಡುತ್ತಿದ್ದರು, ನೋಡಲಿ. ಅದ್ದಿದೆ, ಅಂಚಿಗೆ ಎರಡು ಸಲ ಒರೆಸಿದೆ. ನನ್ನ ತ್ರಿಕೋನದ ಸುತ್ತ ಅವರ ಸುತ್ತು ಎಳೆಯಲು ಹೋದೆ.

ಬದನೆಕಾಯಿಯಾಯಿತು.

ಬಟ್ಟೆಯಿಂದ ಒರೆಸಿ ಮತ್ತೆ ಎಳೆದೆ, ಬಾಲ ಬಂತು. ಮೂರನೆಯ ಸಲ ಉಸಿರು ಹಿಡಿದು ಎಳೆದೆ. ಶುರುವಾದದ್ದು ಒಂದು ಕಡೆ, ಮುಗಿದದ್ದು ಇನ್ನೊಂದು ಕಡೆ. ಹಾಳಾದ ಮುದುಕ, ಒಂದೇ ಸುತ್ತಿಗೆ ಅದು ಹೇಗೆ ಹಾಕುತ್ತಿದ್ದನೋ! ಕಣ್ಣು ಮಂಜಾಗಿ ಕಲ್ಲೇ ಕಾಣಲಿಲ್ಲ.

ತೋರಿಸುತ್ತೇನೆ ಬಾ ಅಂದಿದ್ದರು. ಬೇಡ ಅಂದಿದ್ದೆ.